ಹನ್ನೆರಡನೆಯ ಕೋಣೆಯ ಮೂಷಕವಿಜಯ

ಸೀಸದಕಡ್ಡಿಯ ಮೊನೆಯಿಂದ ಗೆರೆ ಹುಟ್ಟುತ್ತಿದ್ದ ಕೃತಯುಗವು ಸಂದು, ಮರದ ಅಳತೆಪಟ್ಟಿಯ ತ್ರೇತಾಯುಗವು ಸವೆದು, ಗ್ರಾಫ್ ಹಾಳೆಗಳು ಕಿರಾಣಿ ಅಂಗಡಿಯಲ್ಲಿಯೂ ಬಿಡಿಬಿಡಿಯಾಗಿ ದೊರೆಯುತ್ತಿದ್ದ ದ್ವಾಪರವೂ ಮುಗಿದು, ಮನುಷ್ಯನ ತೋರುಬೆರಳು ಒಮ್ಮೆ ಅಮುಕಿದರೆ ಲೋಕವು ಒಮ್ಮೆ ನಡುಗಬೇಕೆಂಬ ಕಲಿಯುಗವು ತಾನೇ ತಾನಾಗಿ ಮೆರೆಯುತ್ತಿರಲಾಗಿ, ತುಂಗಭದ್ರೆಗೂ ಮಲಪ್ರಭೆಗೂ ನಟ್ಟನಡುವೆ, ಎರಡು ನದಿಗಳೂ 'ನೀ ಹೋಗು, ನೀ ಹೋಗು' ಎಂದು ಒಂದನ್ನೊಂದು ನೂಕಿ ಕೊನೆಗೆ ಯಾವುದೂ ಬಾರದೆ ಉಳಿದ ಎರೆಹೊಸೂರೆಂಬ ಪಟ್ಟಣದಲ್ಲಿ, ಸರಕಾರಿ ಪದವಿ ಮಹಾವಿದ್ಯಾಲಯವೆಂಬ ಹದಿನೈದು ಕೋಣೆಗಳ ಕೋಟೆಯೊಳಗೆ, ಹನ್ನೆರಡನೆಯ ಕೋಣೆಯ ನಿಮಿತ್ತವಾಗಿ ನಡೆದ ಮಹಾಸಮರವನ್ನು ಹೇಳತೊಡಗುವ ಮುನ್ನ, ಮೊದಲ ವಂದನೆ ಯಾರಿಗೆ?

ಗಣಪನಿಗೆ ಎಲ್ಲರೂ ಸಲ್ಲಿಸುತ್ತಾರೆ. ಈ ಕಥೆಯ ವಂದನೆ ಆತನ ವಾಹನಕ್ಕೆ. ಎಲೈ ಮೂಷಕವೇ! ವಾಮದಕ್ಷಿಣದಳದ್ವಯಶೋಭಿತನೇ! ದೀರ್ಘೈಕಪುಚ್ಛನೇ! ಉದರದಲ್ಲಿ ಕೆಂಪು ಜ್ಯೋತಿಯನ್ನಿಟ್ಟುಕೊಂಡು ರಬ್ಬರ್ ಚಾಪೆಯ ಮೇಲೆ ವಿಹರಿಸುವವನೇ! ಹಳೆಯ ಮೂಷಕವು ದೇವರನ್ನು ಹೊತ್ತಿತು, ಮೋದಕವನ್ನು ತಿಂದಿತು. ನೀನು ಏನನ್ನೂ ತಿನ್ನದೆ, ಬರಿಯ 'ಟಿಕ್' ಎಂಬ ಏಕಾಕ್ಷರಿಯನ್ನು ಜಪಿಸುತ್ತ, ಒಂದು ಇಡೀ ಗಣಿತ ವಿಭಾಗವನ್ನು ಬೆನ್ನ ಮೇಲೆ ಹೊತ್ತೆ. ಆ ಹೊರೆಯ ಕಥೆಯಿದು.

ಆ ಕೋಟೆಯ ಹನ್ನೆರಡನೆಯ ಕೋಣೆಗೆ ಒಡತಿ ನೀಲಗಂಗಾ ಮುಳಗುಂದ. ನವಶಿಷ್ಯಾಪರಿವೃತೆ, ಅಕ್ಷದ್ವಯಧುರಂಧರೆ, ಸುಣ್ಣದಕಡ್ಡಿಧೂಳಿಧವಳಹಸ್ತೆ. ಅತಿಥಿಯು ದೇವರೆಂದು ಸಾರಿದ ಈ ನಾಡಿನಲ್ಲಿ ಏಳು ವರ್ಷಗಳಿಂದ ಒಂದೇ ಸಮನೆ ಗಣಿತದ ಅತಿಥಿ ಉಪನ್ಯಾಸಕಿಯಾಗಿಯೇ ಉಳಿದವಳು. ಅಂದರೆ ಸತತ ಏಳು ವರ್ಷ ದೇವರಾಗಿದ್ದವಳು, ದೇವರಂತೆಯೇ ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದವಳು. ಆಕೆಯ ಕೋಣೆಗೆ ಒಂದು ಕಿಟಕಿ, ಒಂದು ಫ್ಯಾನು, ಒಂದು ಕಂಪ್ಯೂಟರು. ಆಕೆಯ ತರಗತಿಗೆ ಒಂಬತ್ತು ಹುಡುಗಿಯರು. ಒಂಬತ್ತು ಊರುಗಳಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವವರು.

ಆಕೆಗೆ ಎದುರಾಳಿಯಾಗಿ ನಿಂತವನು ಚತುಶ್ಶತಶಿಷ್ಯಸೇನಾನಾಯಕ, ಜಮಾಖರ್ಚುಕುಲಕಂಠೀರವ, ವಾಣಿಜ್ಯ ವಿಭಾಗದ ಮುಖ್ಯಸ್ಥ ಶರಭಣ್ಣ ಕೊತಬಾಳ. ಅವನನ್ನು ಸುಮ್ಮನೆ ದುಷ್ಟನೆಂದು ತಳ್ಳಿಹಾಕುವಂತಿಲ್ಲ. ನಾನೂರು ಮಂದಿ ವಿದ್ಯಾರ್ಥಿಗಳಿಗೆ ಅವನಲ್ಲಿದ್ದದ್ದು ಎರಡೇ ಕೋಣೆ. ಅವನ ಮೂರನೆಯ ತಂಡವು ಸೈಕಲ್ ನಿಲ್ದಾಣದ ತಗಡಿನ ಕೆಳಗೆ ಕುಳಿತು, ತಗಡು ಕಾದಂತೆ ತಾನೂ ಕಾದು, ಕಂಪನಿ ಕಾಯಿದೆಯನ್ನು ಕಲಿಯುತ್ತಿತ್ತು. ಹೀಗಾಗಿ ಹನ್ನೆರಡನೆಯ ಕೋಣೆಯ ಒಂದು ಫ್ಯಾನು ಒಂಬತ್ತೇ ತಲೆಗಳ ಮೇಲೆ ತಿರುಗುವುದನ್ನು ಕಂಡಾಗಲೆಲ್ಲ ಅವನ ಎದೆಯೊಳಗೆ ಇನ್ನೊಂದು ಫ್ಯಾನು ತಿರುಗತೊಡಗುತ್ತಿತ್ತು.

ಆಗ ಮೇಲಿನಿಂದ ಸುತ್ತೋಲೆ ಇಳಿಯಿತು. ಗುರುವಾರ ಕೊಠಡಿ ಹಂಚಿಕೆಯ ತ್ರಿಸದಸ್ಯ ಸಮಿತಿ ಬರುವುದು. ಯಾವ ಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಪ್ರಯೋಗವು ಕಣ್ಣೆದುರಿಗೆ ನಡೆಯುವುದೋ ಅದು ಪ್ರಯೋಗಾಲಯ. ನಡೆಯದಿದ್ದರೆ ಅದು ಬರೀ ಕೋಣೆ. ಬರೀ ಕೋಣೆಯು ಯಾರಲ್ಲಿ ಮಂದಿ ಹೆಚ್ಚೋ ಅವರಿಗೆ. ಪ್ರಯೋಗಾಲಯವಿಲ್ಲದ ಕಾಲೇಜಿನಲ್ಲಿ ಗಣಿತ ವಿಷಯವನ್ನು ಮುಂದಿನ ವರ್ಷದಿಂದ ಇಡುವಂತಿಲ್ಲ. ಗಣಿತ ಬೇಕಾದವರು ನಲವತ್ತು ಮೈಲಿ ಆಚೆಯ ಕಾಲೇಜಿಗೆ ಹೋಗಬಹುದು. ನಲವತ್ತು ಮೈಲಿ ಎಂದೊಡನೆ ಒಂಬತ್ತರಲ್ಲಿ ಆರು ಮನೆಗಳಲ್ಲಿ 'ಇಷ್ಟು ಓದಿದ್ದು ಸಾಕು' ಎಂಬ ಮಾತು ಬರುವುದೆಂದು ನೀಲಗಂಗಾಳಿಗೆ ಗೊತ್ತಿತ್ತು. ಯಾವ ಆರು ಮನೆಗಳೆಂಬುದೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಕೊತಬಾಳನು ಅಳತೆಯ ಟೇಪು ಹಿಡಿದು ಕೋಣೆಯನ್ನು ಹೊಕ್ಕನು. ಟೇಪಿನ ಇನ್ನೊಂದು ತುದಿಯನ್ನು ಹಿಡಿದವರು ಮೌಲಾಸಾಬ ನದಾಫರು. ಡೆಡ್ ಸ್ಟಾಕ್ ರಿಜಿಸ್ಟರೆಂಬ ಹೆಬ್ಬೊತ್ತಿಗೆಯ ಕಾವಲುಗಾರರು, ಕುರ್ಚಿಯಿಂದ ಕಸದಬುಟ್ಟಿಯವರೆಗೆ ಕಾಲೇಜಿನ ಪ್ರತಿಯೊಂದು ಜಡವಸ್ತುವಿನ ಮೈಮೇಲೆ ಬಿಳಿಯ ಬಣ್ಣದಿಂದ ನಂಬರು ಬರೆದು ಅದಕ್ಕೆ ಜನ್ಮ ಸಾರ್ಥಕಗೊಳಿಸುವವರು, ತೈಲವರ್ಣಲೇಖನಚತುರರು.

"ಹಿಡಿ ಮೌಲಾ, ಗ್ವಾಡಿಗೆ ಹಚ್ಚಿ ಹಿಡಿ. ಹದಿನೆಂಟು ಫೂಟು! ಹದಿನಾಲ್ಕು ಬೆಂಚು ಆರಾಮ ಕೂಡ್ತಾವ."

"ಸರ, ಸಮಿತಿ ಬರೂದು ಗುರುವಾರ. ಇವತ್ತಿನ್ನ ಸೋಮವಾರ," ಎಂದಳು ನೀಲಗಂಗಾ.

"ಅಳತಿ ತೊಗೊಂಡ್ರ ಕೋಣಿ ಸವೀತೈತೇನ್ರಿ ಮೇಡಂ?"

ಈ ಮಾತಿನ ಹೊಟ್ಟೆಯೊಳಗೆ ಅಡಗಿದ್ದ ಸಿಂಹನಾದವನ್ನು ಬಿಡಿಸಿ ಹೇಳುವುದಾದರೆ ಅದು ಹೀಗಿತ್ತು: 'ಎಲೈ ಶೂನ್ಯೋಪಾಸಕಿಯೇ! ಅನಂತವನ್ನು ಕಲಿಸುವ ನಿನಗೆ ಒಂಬತ್ತನ್ನು ದಾಟಲಾಗಲಿಲ್ಲ. ನನ್ನ ನಾನೂರು ಮಂದಿ ಒಮ್ಮೆ ಒಟ್ಟಿಗೆ ಸೀನಿದರೆ ನಿನ್ನ ಎರಡೂ ಅಕ್ಷಗಳು ಕಿತ್ತು ಗದಗದಾಚೆ ಬೀಳುವುವು. ಗುರುವಾರದ ಸೂರ್ಯನು ನೆತ್ತಿಗೇರುವ ಮುನ್ನ ಈ ಫ್ಯಾನು ನನ್ನವರ ಬೆವರನ್ನು ಆರಿಸದಿದ್ದರೆ, ನಾನು ಆಸ್ತಿ-ಹೊಣೆ ಪಟ್ಟಿಯನ್ನು ಎಡಬಲ ತಿರುವಿ ಬರೆಯುವೆನು, ತಿಳಿ!'

ಅದಕ್ಕೆ ನೀಲಗಂಗಾ ಕೊಟ್ಟ ಉತ್ತರವು ಇದಾಗಿತ್ತು: 'ಎಲವೋ ಲಾಭನಷ್ಟಡೋಲಾರೂಢನೇ! ಸಂಖ್ಯಾಬಲದಿಂದ ಉಬ್ಬಬೇಡ, ಸಂಖ್ಯೆಗಳು ನನ್ನ ತವರುಮನೆಯವು. ಗುರುವಾರ ಈ ಬೆರಳಿನ ಒಂದೇ ತಾಡನದಿಂದ ಶ್ವೇತಪಟದ ಮೇಲೆ ಚುಕ್ಕೆಯನ್ನು ಹುಟ್ಟಿಸಿ, ಆ ಚುಕ್ಕೆಯೊಳಗೆ ನಿನ್ನ ನಾನೂರು ಮಂದಿಯನ್ನೂ ಕೂರಿಸುವೆನು!'

ಆದರೆ ಆಕೆಯ ಬಾಯಿಂದ ಹೊರಬಿದ್ದದ್ದು ಮಾತ್ರ, "ಟೇಪ ತೆಗೀರಿ ಸರ, ಕಾಲಿಗೆ ತೊಡರತೈತಿ," ಎಂಬಷ್ಟು.

ಚುಕ್ಕೆಯೆಂದರೆ ಯಾವ ಚುಕ್ಕೆ? ಹೆಬ್ಬಾವಿನ ಹೆಸರು ಹೊತ್ತ ಒಂದು ಗಣಕಭಾಷೆಯಲ್ಲಿ ನೀಲಗಂಗಾ ತಾನೇ ಕುಳಿತು ಬರೆದ ಎಂಬತ್ತು ಸಾಲಿನ ಪ್ರೋಗ್ರಾಮದು. ತೆರೆದರೆ ಬೆಳ್ಳನೆಯ ಬಯಲು, ನಡುವೆ ಅಡ್ಡವೊಂದು ಉದ್ದವೊಂದು ಅಕ್ಷ. ಬೇಕೆಂದಲ್ಲಿಗೆ ಮೌಸಿನ ಬಾಣವನ್ನು ಒಯ್ದು ಒತ್ತಿದರೆ ಅಲ್ಲೊಂದು ಚುಕ್ಕೆ. ಇನ್ನೊಂದೆಡೆ ಒತ್ತಿದರೆ ಇನ್ನೊಂದು ಚುಕ್ಕೆ, ಎರಡರ ನಡುವೆ ತಾನಾಗಿ ಒಂದು ಗೆರೆ, ಮೂಲೆಯಲ್ಲಿ ಅವುಗಳ ನಿರ್ದೇಶಾಂಕ. ಇಷ್ಟೇ. ಇದಕ್ಕಿಂತ ಹೆಚ್ಚಿನದನ್ನು ಆ ಕಂಪ್ಯೂಟರು ತಾಳುವಂತಿರಲಿಲ್ಲ.

ಮಧ್ಯಾಹ್ನ ಆಕೆ ಮೊದಲ ಬಾಣವನ್ನು ಹೂಡಿದಳು. ಅಡ್ಡ ಅಕ್ಷದಿಂದ ಮೇಲಕ್ಕೆ, ಸಾಕಷ್ಟು ಮೇಲಕ್ಕೆ ಗುರಿಯಿಟ್ಟು ಒತ್ತಿದಳು. ಟಿಕ್! ಚುಕ್ಕೆಯು ಹುಟ್ಟಿತು, ಆದರೆ ಅಕ್ಷದ ಕೆಳಗೆ, ಪಾತಾಳದಲ್ಲಿ. ಇನ್ನೂ ಮೇಲೆ ಒತ್ತಿದಳು. ಇನ್ನೂ ಕೆಳಗೆ ಬಿದ್ದಿತು. ಸ್ವರ್ಗಕ್ಕೆ ಅರ್ಜಿ ಹಾಕಿದವರೆಲ್ಲ ರಸಾತಲದಲ್ಲಿ ಹಾಜರಿ ಕೊಡುವಂತಾಯಿತು.

ಫ್ಯಾನಿನ ನಂಬರನ್ನು ಪರೀಕ್ಷಿಸಲೆಂದು ಬಂದು ಅಲ್ಲಿಯೇ ನಿಂತಿದ್ದ ಮೌಲಾಸಾಬರು ಕನ್ನಡಕ ಏರಿಸಿ ನೋಡಿದರು.

"ಮ್ಯಾಲೆ ಹೊಡದ್ರ ಕೆಳಗ ಬೀಳಾಕತ್ತೈತಲ್ರಿ ಅಕ್ಕೋರ. ಇದನ್ಯಾರು ಮಾಡಿದ್ದು?"

"ನಾನ ಮಾಡಿದ್ದು."

"ಹಂಗಾರ ಅದು ಹಂಗ ಇರಬೇಕು ಬಿಡ್ರಿ," ಎಂದು ಅವರು ಸೌಜನ್ಯದಿಂದ ಹೊರಟುಹೋದರು.

ನೀಲಗಂಗಾ ತಲೆಯ ಮೇಲೆ ಕೈಹೊತ್ತು ಕುಳಿತಳು, ಕುಳಿತಂತೆಯೇ ಜ್ಞಾನೋದಯವಾಯಿತು. ಪರದೆಗೆ ಮೂಲಬಿಂದುವು ಎಡಗಡೆಯ ಮೇಲ್ಮೂಲೆ. ಅದು ಅಲ್ಲಿಂದ ಕೆಳಕ್ಕೆ ಎಣಿಸುತ್ತದೆ, ಬಾವಿಯ ಆಳವನ್ನು ಎಣಿಸುವಂತೆ. ಗಣಿತವು ನೆಲದಿಂದ ಮೇಲಕ್ಕೆ ಎಣಿಸುತ್ತದೆ, ಜೋಳದ ದಂಟನ್ನು ಅಳೆಯುವಂತೆ. ಬಾವಿಗೂ ಜೋಳಕ್ಕೂ ರಾಜಿ ಮಾಡಿಸುವುದೆಂದರೆ ಪರದೆಯ ಒಟ್ಟು ಎತ್ತರದಿಂದ ಮೌಸು ಹೇಳಿದ ಆಳವನ್ನು ಕಳೆಯುವುದು. ಕಳೆದಳು. ಒಂದು ವ್ಯವಕಲನದ ಚಿಹ್ನೆಯನ್ನು ಚಂದ್ರಹಾಸದಂತೆ ಝಳಪಿಸಿ ನಿಲ್ಲಿಸಿದಳು. ಟಿಕ್! ಚುಕ್ಕೆಯು ಪಾತಾಳದಿಂದ ಚಿಮ್ಮಿ, ಒತ್ತಿದಲ್ಲಿಯೇ ಬಂದು ನಿಂತಿತು. ಆ ಸಂಜೆ ನೀಲಗಂಗಾ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಕ್ಕಳು. ಪಕ್ಕದಲ್ಲಿದ್ದ ಮುದುಕಿ ತನ್ನ ಗಂಟನ್ನು ಸ್ವಲ್ಪ ಆಚೆಗೆ ಎಳೆದುಕೊಂಡಳು.

ಮಂಗಳವಾರ ಎರಡನೆಯ ಸಮರ. ಈ ಸಲ ಕೊತಬಾಳನೇ ರಣಭೂಮಿಗೆ ದಯಮಾಡಿಸಿ, ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು, ಕಾಲಮೇಲೆ ಕಾಲುಹಾಕಿ ಪ್ರೇಕ್ಷಕನಾದನು. ನೀಲಗಂಗಾ ಒಂದು ಸಲ ಒತ್ತಿದಳು. ಎರಡು ಚುಕ್ಕೆ ಬಿದ್ದವು, ಕೂದಲೆಳೆಯಷ್ಟು ಅಂತರದಲ್ಲಿ, ನಡುವೆ ಕೂದಲೆಳೆಯಷ್ಟೇ ಗೆರೆ.

"ಅವಳಿ ಜವಳಿ ರೀ ಮೇಡಂ! ಪೇಡೆ ಹಂಚ್ರಿ!"

"ಸುಮ್ನ ಕೂಡ್ರಿ ಸರ."

"ಅಲ್ರೀ, ನಮ್ಮಲ್ಲಿ ಒಂದು ವ್ಯವಹಾರಕ್ಕ ಎರಡು ಕಡೆ ಬರದ್ರ ಶಾಣ್ಯಾ ಅಂತಾರ. ನಿಮ್ಮಲ್ಲಿ ಅದ ತಪ್ಪಾ? ಹಂಗಾರ ಇದನ್ನ ನಮ್ಮ ವಿಭಾಗಕ್ಕ ಕೊಟ್ಟಬಿಡ್ರಿ, ಕೋಣಿ ಸಮೇತ."

ನೀಲಗಂಗಾ ಹಲ್ಲು ಕಚ್ಚಿ ಎಂಬತ್ತು ಸಾಲುಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದಳು. ಲೋಕದ ಕಣ್ಣಿಗೆ ಒಂದಾಗಿ ಕಾಣುವ 'ಟಿಕ್' ವಾಸ್ತವದಲ್ಲಿ ಎರಡು ಘಟನೆ: ಬೆರಳು ಒತ್ತಿದ್ದೊಂದು, ಬೆರಳು ಬಿಟ್ಟದ್ದೊಂದು. ಮೌಸು ಪ್ರಾಮಾಣಿಕವಾದ ಪ್ರಾಣಿ. ಎರಡನ್ನೂ ಓಡೋಡಿ ಬಂದು ವರದಿ ಮಾಡುತ್ತದೆ. ಆಕೆಯ ಪ್ರೋಗ್ರಾಮು ಎರಡು ವರದಿಗೂ ಒಂದೊಂದು ಚುಕ್ಕೆಯನ್ನು ಸಮರ್ಪಿಸುತ್ತಿತ್ತು. ಒಂದನ್ನು ಬಿಡಬೇಕು. ಯಾವುದನ್ನು?

ಇಲ್ಲಿ ವೀರಾಂಗನೆಯು ಕ್ಷಣಕಾಲ ತತ್ತ್ವಜ್ಞಾನಿಯಾದಳು. ಒತ್ತಿದೊಡನೆ ಚುಕ್ಕೆ ಬಿದ್ದರೆ ಕೈ ನಡುಗಿದವರ ಗತಿಯೇನು? ತನ್ನ ಒಂಬತ್ತು ಹುಡುಗಿಯರಲ್ಲಿ ಐವರು ಮೌಸನ್ನು ಮುಟ್ಟಿದ್ದೇ ಇಲ್ಲಿ, ಈ ವರ್ಷ. ಅವರು ಒತ್ತಿದ ಮೇಲೂ ಅತ್ತಿತ್ತ ಸರಿಸಿ, ಸರಿಯಾದ ಜಾಗ ಕಂಡ ಮೇಲೆ ಬೆರಳು ತೆಗೆಯುವಂತಿರಬೇಕು. ಒತ್ತಿ ಹಿಡಿದಷ್ಟು ಹೊತ್ತು ಬಾಣದ ಜೊತೆಗೆ ಒಂದು ಕೆಂಪು ಪೊಳ್ಳು ಉಂಗುರ ಓಡಾಡಲಿ. ಬಿಟ್ಟ ಗಳಿಗೆಯಲ್ಲಿ ಅದು ತುಂಬಿಕೊಂಡು ಚುಕ್ಕೆಯಾಗಲಿ. ಹಾಗೆಯೇ ಬರೆದಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಒಂದು ಒತ್ತಿಗೆ ಒಂದೇ ಉಂಗುರ, ಒಂದು ಬಿಡುಗಡೆಗೆ ಒಂದೇ ಚುಕ್ಕೆ. ಒಂಬತ್ತು ಹುಡುಗಿಯರೂ ಸರದಿಯಲ್ಲಿ ಒತ್ತಿ ಒತ್ತಿ, ಪರದೆಯ ಮೇಲೆ ಮನೆ, ಮೀನು, ಕೊನೆಗೆ ಕೊತಬಾಳ ಸರ್‌ರ ಮೀಸೆಯನ್ನೂ ಬರೆದರು. ಮೀಸೆಗೆ ಹದಿಮೂರು ಚುಕ್ಕೆ ಬೇಕಾಯಿತು.

ಹೀಗೆ ಎರಡು ಯುದ್ಧಗಳನ್ನು ಗೆದ್ದ ನೀಲಗಂಗಾ ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ, ಇಸ್ತ್ರಿ ಮಾಡಿದ ಇಳಕಲ್ಲ ಸೀರೆಯ ಕವಚ ತೊಟ್ಟು, ಹುಡುಗಿಯರನ್ನು ಗ್ರಂಥಾಲಯಕ್ಕೆ ಕಳಿಸಿ, ಹನ್ನೆರಡನೆಯ ಕೋಣೆಯ ಬಾಗಿಲನ್ನು ಎರಡೂ ಕೈಯಿಂದ ತೆರೆದಳು. ತ್ರಿಸದಸ್ಯ ಸಮಿತಿಯು ಬಂದಿತ್ತು. ಮೂವರಲ್ಲಿ ಒಬ್ಬರೇ ಬಂದಿದ್ದರು. ಇಂಗಳಗಿ ಸಾಹೇಬರೆಂಬ ಆ ಏಕಾಂಗಸಮಿತಿಯು ಪ್ರಿನ್ಸಿಪಾಲರ ಕೋಣೆಯಲ್ಲಿ ಉಪಾಹಾರಕ್ಕೆ ಕುಳಿತಿದೆಯೆಂದು ಸುದ್ದಿ ತಂದವನು ಸ್ವತಃ ಕೊತಬಾಳ.

"ಉಪ್ಪಿಟ್ಟು ಕೊಟ್ಟಾರ. ಶಿರಾ ಬರೂದೈತಿ, ಆಮ್ಯಾಲೆ ಮಿರ್ಚಿ, ಆಮ್ಯಾಲೆ ಚಾ. ಚಾ ಕುಡದಕೂಡ್ಲೆ ಮೊದಲ ಇಲ್ಲೆ," ಎಂದು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪ್ರತಿಷ್ಠಾಪಿತನಾದನು.

ನೀಲಗಂಗಾ ಮುಗುಳ್ನಕ್ಕು ಮೌಸನ್ನು ಹಿಡಿದಳು. ಒತ್ತಿದಳು. ಕೆಂಪು ಉಂಗುರ ಮೂಡಿತು. ಬೆರಳು ತೆಗೆದಳು.

ಚುಕ್ಕೆ ಬೀಳಲಿಲ್ಲ.

ಉಂಗುರವು ಬಾಣದ ಬೆನ್ನು ಬಿಡಲಿಲ್ಲ. ಮೇಲೆ ಹೋದರೆ ಮೇಲೆ, ಕೆಳಗೆ ಬಂದರೆ ಕೆಳಗೆ. ತುಂಬಿಕೊಳ್ಳದು, ಅಳಿಯದು, ನಿಲ್ಲದು. ಸ್ವರ್ಗಕ್ಕೂ ಸಲ್ಲದ ಭೂಮಿಗೂ ಸಲ್ಲದ ತ್ರಿಶಂಕುವು ಕೆಂಪು ರುಮಾಲು ಸುತ್ತಿಕೊಂಡು ಊರೂರು ಅಲೆದಂತೆ ಅದು ಶ್ವೇತಪಟದ ತುಂಬ ಅಲೆಯತೊಡಗಿತು.

"ಏನಾತ್ರಿ?" ಎಂದು ಕೊತಬಾಳನು ಅತ್ಯಂತ ಮೃದುವಾಗಿ ಕೇಳಿದನು.

"ಏನಿಲ್ರಿ."

ಏನಿಲ್ಲದ್ದೇನಲ್ಲ. ಕೀಲಿಮಣೆಯಿಂದಲೇ ಪ್ರೋಗ್ರಾಮನ್ನು ಮುಚ್ಚಿ ತೆರೆದಳು. ತ್ರಿಶಂಕು ಹೋಗಲಿಲ್ಲ. ನಿನ್ನೆ ಬರೆದ ಸಾಲುಗಳನ್ನು ಓದಿದಳು; ಎಲ್ಲವೂ ನಿನ್ನೆಯಂತೆಯೇ ಇದ್ದವು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಅದು ಎದ್ದು, ಆಕಳಿಸಿ, ಮುಖ ತೊಳೆದು ಸಿದ್ಧವಾಗಲು ಆರು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಕೊತಬಾಳನು ಒಮ್ಮೆ ಹೋಗಿ ಬಂದನು.

"ಶಿರಾ ಬಂತು. ಸಾಹೇಬ್ರು ಎರಡನೇ ಸಲ ಹಾಕಿಸ್ಕೊಂಡ್ರು."

ಎರಡನೆಯ ಸಲ ಹಾಕಿಸಿಕೊಂಡ ಶಿರಾಕ್ಕೆ ನೀಲಗಂಗಾ ಮನಸ್ಸಿನಲ್ಲಿಯೇ ಕೈಮುಗಿದಳು. ಒತ್ತಿದಳು, ಬಿಟ್ಟಳು. ಉಂಗುರ. ಅಲೆದಾಟ. ಬಿಡುಗಡೆಯ ಸುದ್ದಿಯನ್ನು ಮೌಸು ತರುತ್ತಲೇ ಇಲ್ಲ. ನಿನ್ನೆಯವರೆಗೆ ಓಡೋಡಿ ಬರುತ್ತಿದ್ದ ಪ್ರಾಮಾಣಿಕ ದೂತನು ಇಂದು ಅರ್ಧ ಸುದ್ದಿ ಹೇಳಿ ಬಾಯಿ ಮುಚ್ಚಿದ್ದಾನೆ. ಬೆವರು ಒರೆಸಿಕೊಳ್ಳಲೆಂದು ಕೈಯೆತ್ತಿದಾಗ ಆಕೆಗೆ ತನ್ನ ತೋರುಬೆರಳು ಕಂಡಿತು. ತುದಿಯು ಬೆಳ್ಳಗಾಗಿತ್ತು. ಸುಣ್ಣದಕಡ್ಡಿಯ ಬಿಳುಪಲ್ಲ, ಅಂಟುವ ಬಿಳುಪು.

ಮೌಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಎಡದಳದ ಮೇಲೆ, ಅಕ್ಕಿಕಾಳಿನಷ್ಟು ಸಣ್ಣ, ಮುತ್ತಿನಂತೆ ದುಂಡನೆಯ ಅಕ್ಷರಗಳಲ್ಲಿ ಬರೆದಿತ್ತು: ಗ.ವಿ. ೧೨/೩. ಬಣ್ಣವು ಅಕ್ಷರಗಳಾಗಿ ಉಳಿದಷ್ಟು ಉಳಿದು, ಮಿಕ್ಕದ್ದು ಹರಿದು ಗುಂಡಿಯ ಸಂದಿಗೆ ಇಳಿದಿತ್ತು. ಒತ್ತಿದರೆ ದಳವು ಆ ಅಂಟಿನೊಳಗೆ ಕುಳಿತು ಏಳಲೊಲ್ಲದು.

"ಮೌಲಾಸಾಬ್ರೇ!" ಎಂಬ ಆಕೆಯ ಕೂಗಿಗೆ ವರಾಂಡದ ಪಾರಿವಾಳಗಳು ಎದ್ದವು.

ಬಂದ ಮೌಲಾಸಾಬರ ಮುಖದಲ್ಲಿ ಕಲಾವಿದನ ಸಂಕೋಚವಿತ್ತು. "ನೋಡಿದ್ರೇನ್ರಿ ಅಕ್ಕೋರ? ಇಷ್ಟು ಸಣ್ಣ ಸಾಮಾನಿನ ಮ್ಯಾಲೆ ನಾ ಇದ ಮೊದಲ ಬರದಿದ್ದು. ಒಂದ ಕೂದಲಿನ ಬ್ರಶ್ಶು. ಮುಂಜಾನೆ ಏಳಕ್ಕ ಬಂದು ಬರದೇನಿ, ಸಮಿತಿ ಬರ್ತೈತಂತ."

"ಇದು ಅಂಟೇತ್ರಿ! ಒತ್ತಿದ್ರ ಏಳವಲ್ದು. ಒರಸ್ರಿ ಇದನ್ನ!"

ಆ ಮಾತು ಕೇಳಿದ್ದೇ ತಡ, ಮೌಲಾಸಾಬರು ಒಂದು ಗೇಣು ಎತ್ತರವಾದರು. ಇಪ್ಪತ್ತೇಳು ವರ್ಷಗಳ ಸೇವೆಯು ಅವರ ಬೆನ್ನುಮೂಳೆಯೊಳಗೆ ನೆಟ್ಟಗೆ ಎದ್ದುನಿಂತಿತು. ಒಳಗಿನ ಸಿಂಹನಾದವು ಹೀಗಿತ್ತು: 'ಅಬಲೆಯೇ! ಹಾಕಿದ ನಂಬರನ್ನು ಅಳಿಸುವುದೆಂದರೇನು? ನಂಬರಿಲ್ಲದ ವಸ್ತುವು ಲೋಕದಲ್ಲಿಲ್ಲ; ಲೋಕದಲ್ಲಿಲ್ಲದ ವಸ್ತುವು ನನ್ನ ಪೊತ್ತಿಗೆಯಲ್ಲಿದ್ದರೆ ಅದನ್ನು ಕದ್ದವನು ನಾನಾಗುವೆನು. ಏಳು ಪ್ರಿನ್ಸಿಪಾಲರು ಬಂದುಹೋದರು. ಒಂದು ಅಂಕಿಯೂ ಹೋಗಲಿಲ್ಲ!'

ಹೊರಗೆ ಬಂದದ್ದು: "ಒರಸಾಕ ಬರಂಗಿಲ್ರಿ ಅಕ್ಕೋರ. ಪ್ರಿನ್ಸಿಪಾಲ್ರ ಲೆಟರ ಬೇಕು, ಎರಡು ಸಹಿ ಬೇಕು."

"ಸಂದ್ಯಾಗಿಂದಷ್ಟ ಪಿನ್ನಿಲೆ ತೆಗೀತೀನಿ."

"ಹಸಿ ಐತ್ರಿ! ಪಿನ್ನು ಹಚ್ಚಿದ್ರ ಮೂರು ಹೋಗಿ ಆರಾಗತೈತಿ. ಹನ್ನೆರಡರಾಗಿನ ಆರು ಅಂದ್ರ ಕಸದಬುಟ್ಟಿ."

ನೀಲಗಂಗಾ ಕೊತಬಾಳನ ಕಡೆಗೆ ತಿರುಗಿದಳು. ಹಗೆಯ ಮುಂದೆ ಕೈಯೊಡ್ಡುವ ಕಷ್ಟವನ್ನು ವರ್ಣಿಸುವುದು ಬೇಡ. "ಸರ, ನಿಮ್ಮ ಸ್ಟಾಫ್ ರೂಮಿನ ಮೌಸು ಹತ್ತು ಮಿನಿಟು ಕೊಡ್ತೀರೇನ್ರಿ?"

ಕೊತಬಾಳನು ದಾನಶೂರನ ಗಾಂಭೀರ್ಯದಿಂದ ಎದೆಯ ಮೇಲೆ ಕೈಯಿಟ್ಟನು. "ಕೊಡ್ತಿದ್ದೆ ರೀ ಮೇಡಂ. ನನ್ನದೇನೈತಿ? ಮೌಲಾ, ಒಂದು ವಿಭಾಗದ ಸಾಮಾನು ಇನ್ನೊಂದು ವಿಭಾಗಕ್ಕ ಒಯ್ಯಾಕ ಬರತೈತೇನು?"

"ಬರಂಗಿಲ್ರಿ," ಎಂದರು ಮೌಲಾಸಾಬರು, ಪಕ್ಷಪಾತವಿಲ್ಲದೆ. "ಫಾರ್ಮು ತುಂಬಬೇಕು."

"ನೋಡ್ರಿ ಮತ್ತ," ಎಂದು ಕೊತಬಾಳನು ಎದ್ದು ಹೋದನು, ನಿಮಿಷದಲ್ಲಿ ಮರಳಿದನು, ಅವನ ಮೀಸೆಯ ತುದಿಯಲ್ಲಿ ಕಡಲೆಹಿಟ್ಟಿನ ಒಂದು ಚೂರಿತ್ತು. "ಮಿರ್ಚಿ ಮುಗದಾವು. ಚಾ ಸೋಸಾಕತ್ತಾರ."

ಚಹಾ ಸೋಸುವ ಹೊತ್ತೆಂದರೆ ಎಷ್ಟು? ಮಹಾವೀರರು ಹದಿನೆಂಟು ದಿನ ಹೋರಾಡಿದರು. ನೀಲಗಂಗಾಳಿಗೆ ಉಳಿದದ್ದು ಒಂದು ಜರಡಿಯ ತೂತುಗಳಿಂದ ಚಹಾ ಇಳಿಯುವಷ್ಟು. ಆಕೆಯ ಕಣ್ಣ ಮುಂದೆ ಒಂಬತ್ತು ಮುಖಗಳು ಬಂದುಹೋದವು. ಅವುಗಳಲ್ಲಿ ಆರು ಸ್ವಲ್ಪ ಹೆಚ್ಚು ಹೊತ್ತು ನಿಂತವು. ಆಕೆಗೆ ಅಳು ಬರಬೇಕಾಗಿತ್ತು. ಆದರೆ ಬಂದದ್ದು ನಗು; ಎಂಬತ್ತು ಸಾಲು ಬರೆದವಳನ್ನು ಎಂಬತ್ತು ಗ್ರಾಂ ಬಣ್ಣವೂ ಅಲ್ಲ, ಒಂದು ಹನಿ ಬಣ್ಣವು ಕಟ್ಟಿಹಾಕಿದೆಯಲ್ಲ ಎಂದು ತಡೆಯಲಾರದ, ಅಪಾಯದ ನಗು. ನಗುತ್ತಲೇ ಮೌಸನ್ನು ಮತ್ತೊಮ್ಮೆ ದಿಟ್ಟಿಸಿದಳು. ಎಡದಳ ಬಂಧನದಲ್ಲಿತ್ತು. ಬಲದಳ?

ಬಲದಳದ ಮೇಲೆ ನಂಬರಿರಲಿಲ್ಲ. ಇಡೀ ಕಾಲೇಜಿನಲ್ಲಿ ಬರಹವಿಲ್ಲದ ಅಷ್ಟಗಲದ ಜಾಗ ಅದೊಂದೇ.

ಉಗುರಿನ ತುದಿಯಿಂದ, ಮೌಲಾಸಾಬರು ಉಸಿರು ಹಿಡಿದು ನೋಡುತ್ತಿರುವಂತೆಯೇ, ಎಡದಳವನ್ನು ಅಂಕಿ ಕೆಡದ ಹಾಗೆ ಮೆಲ್ಲನೆ ಎತ್ತಿ ಬಿಟ್ಟಳು. ಇನ್ನು ಅದನ್ನು ಮುಟ್ಟಬಾರದು. ಬಳಿಕ ಕೀಲಿಮಣೆಯನ್ನು ಮುಂದಕ್ಕೆಳೆದುಕೊಂಡಳು. ಆಕೆಯ ಭಾಷೆಯಲ್ಲಿ ಮೌಸಿನ ಎಡಗುಂಡಿಯ ಹೆಸರು ಒಂದು, ಬಲಗುಂಡಿಯ ಹೆಸರು ಮೂರು. ಒತ್ತುವ ಸಾಲಿನಲ್ಲಿ ಒಂದನ್ನು ಅಳಿಸಿ ಮೂರು ಬರೆದಳು. ಎಳೆಯುವ ಸಾಲಿನಲ್ಲಿ ಒಂದನ್ನು ಅಳಿಸಿ ಮೂರು ಬರೆದಳು. ಬಿಡುವ ಸಾಲಿನಲ್ಲಿ ಒಂದನ್ನು ಅಳಿಸಿ ಮೂರು ಬರೆದಳು. ಅಂಕಿಗಳನ್ನು ಅಳಿಸಲು ಯಾರ ಸಹಿಯೂ ಬೇಕಿಲ್ಲದ ಏಕೈಕ ರಾಜ್ಯದಲ್ಲಿ ಆಕೆ ಮೂರು ಅಂಕಿಗಳನ್ನು ಅಳಿಸಿದಳು.

ಒತ್ತಿ ನೋಡುವಷ್ಟು ಹೊತ್ತಿರಲಿಲ್ಲ. ಬಾಗಿಲಲ್ಲಿ ಚಹಾದ, ಮಿರ್ಚಿಯ, ಅಧಿಕಾರದ ಪರಿಮಳವು ಕೂಡಿ ಬಂದಿತು. ಇಂಗಳಗಿ ಸಾಹೇಬರು ಒಳಗೆ ಬಂದರು. ಕೈಯಲ್ಲಿ ಫಾರ್ಮು, ಕಿವಿಯ ಹಿಂದೆ ಬಾಲ್‌ಪೆನ್ನು. ಫ್ಯಾನು ನೋಡಿದರು, ಕಿಟಕಿ ನೋಡಿದರು, ಸಣ್ಣಗೆ ತೇಗಿದರು.

"ಏನ್ರೀ, ಏನ್ ತೋರಸ್ತೀರಿ?"

"ಬರ್ರಿ ಸರ. ಇಲ್ಲೆ ಕೂಡ್ರಿ. 'ಬಾಣ ಎಲ್ಲಿ ಬೇಕೋ ಅಲ್ಲಿಗೆ ಒಯ್ರಿ. ಒಯ್ದು, ಬಲಗಡಿ ಗುಂಡಿ ಒತ್ರಿ,' ಅಂತ ನಾವು ಹುಡುಗ್ಯಾರಿಗೆ ಹೇಳ್ತೀವಿ."

"ಬಲಗಡಿ? ಎಲ್ಲಾ ಕಡೆ ಎಡಗಡಿ ಒತ್ತತಾರಲ್ರೀ?"

ಕೊತಬಾಳನು ಕುರ್ಚಿಯಿಂದ ಎದ್ದನು. ಅವನ ಬತ್ತಳಿಕೆಯಲ್ಲಿ ಉಳಿದಿದ್ದ ಬ್ರಹ್ಮಾಸ್ತ್ರ ಅದೊಂದೇ. ಸಕ್ಕರೆಯಂತಹ ದನಿಯಲ್ಲಿ ಅದನ್ನು ಬಿಟ್ಟನು. "ಹೌದ್ರಿ ಸರ, ಎಡಗಡೀನ ಒತ್ತಿ ನೋಡ್ರಿ. ಎಲ್ಲಾ ಕಡೆ ಹೆಂಗೋ ಹಂಗ."

ಸಾಹೇಬರ ತೋರುಬೆರಳು ಮೇಲೆದ್ದಿತು. ಮಿರ್ಚಿಯ ಎಣ್ಣೆಯಿಂದ ಹೊಳೆಯುವ ಆ ಬೆರಳು ಎಡದಳದ ಮೇಲಕ್ಕೆ ಬಂದಿತು, ಇಳಿಯತೊಡಗಿತು. ನೀಲಗಂಗಾ ಕಣ್ಣು ಮುಚ್ಚಿದಳು.

"ಮುಟ್ಟಬ್ಯಾಡ್ರೀ!"

ಕೂಗಿದವರು ಮೌಲಾಸಾಬರು. ಸಾಹೇಬರ ಬೆರಳು ಗಾಳಿಯಲ್ಲಿಯೇ ನಿಂತಿತು.

"ಹಸಿ ಐತ್ರಿ ಸಾಹೇಬ್ರ! ನಂಬರು! ಮುಂಜಾನೇ ಹಾಕೇನಿ!"

ಇಂಗಳಗಿ ಸಾಹೇಬರು ಬಗ್ಗಿದರು. ಕನ್ನಡಕ ತೆಗೆದು, ಮೌಸಿನ ಮೂತಿಗೆ ತಮ್ಮ ಮೂಗು ತಾಗುವಷ್ಟು ಬಗ್ಗಿ ಓದಿದರು. ಓದಿ ನೆಟ್ಟಗಾದಾಗ ಅವರ ಮುಖದಲ್ಲಿ ಶಿರಾ ತಿಂದಾಗಲೂ ಇರದಿದ್ದ ಕಳೆಯಿತ್ತು.

"ಇಪ್ಪತ್ತೆರಡು ಕಾಲೇಜು ತಿರುಗೇನ್ರಿ ನಾ. ಟೇಬಲ್ಲಿಗೆ ಹಾಕಿದ್ದು ನೋಡೇನಿ, ಫ್ಯಾನಿಗೆ ಹಾಕಿದ್ದು ನೋಡೇನಿ. ಮೌಸಿಗೆ ನಂಬರ ಹಾಕಿದ್ದು ಇದ ಮೊದಲ ನೋಡಿದ್ದು. ಯಾರ್ ಬರದಾರ?"

"ನಾನ್ರೀ," ಎಂದರು ಮೌಲಾಸಾಬರು, ಕಾಲಿನ ಹೆಬ್ಬೆರಳನ್ನು ನೋಡುತ್ತ.

"ಭಾಳ ಚಲೋ. ಅದಕ್ಕ ಬಲಗಡಿ ಒತ್ರಿ ಅಂದ್ರು ಮೇಡಂ. ಸರಕಾರಿ ಸಾಮಾನು ಹಿಂಗ ಕಾಯಬೇಕು."

ಅವರು ಅತ್ಯಂತ ಗೌರವದಿಂದ, ಎಡದಳಕ್ಕೆ ನೆರಳೂ ಬೀಳದಂತೆ ಮಣಿಕಟ್ಟನ್ನು ಓರೆಮಾಡಿ, ಬಲದಳವನ್ನು ಒತ್ತಿದರು. ಉಂಗುರ ಮೂಡಿತು. ಮೂವರು ಉಸಿರು ಬಿಗಿಹಿಡಿದರು. ಸಾಹೇಬರು ಬಿಟ್ಟರು.

ಟಿಕ್.

ಯಾವುದಕ್ಕಾಗಿ ಮೂರು ಸಮರಗಳಾದವೋ, ಯಾವುದಕ್ಕಾಗಿ ಬಾವಿಯೂ ಜೋಳವೂ ರಾಜಿಯಾದವೋ ಆ ಚುಕ್ಕೆಯು ಶ್ವೇತಪಟದ ಮೇಲೆ ಬಿದ್ದಿತು. ಅದು ಸಾಸಿವೆಕಾಳಿಗಿಂತ ತುಸು ಚಿಕ್ಕದಾಗಿತ್ತು.

"ಇಷ್ಟನ?" ಎಂದರು ಸಾಹೇಬರು.

"ಇಷ್ಟ ರೀ ಸರ. ಇನ್ನೊಂದ್ಸಲ ಒತ್ತಿದ್ರ ಗೆರಿ ಬರತೈತಿ."

"ಸಾಕ್ ಬಿಡ್ರಿ. ಕೈ ತೊಳೀಲಿಕ್ಕೆ ನೀರೆಲ್ಲೈತಿ?"

ಅವರು ಕಿವಿಯ ಹಿಂದಿನ ಪೆನ್ನನ್ನು ತೆಗೆದು, ಹನ್ನೆರಡರ ಮುಂದೆ, 'ಪ್ರಯೋಗಾಲಯ' ಎಂಬುದರ ಕೆಳಗೆ ಒಂದು ಗುರುತು ಹಾಕಿ, ಮೌಲಾಸಾಬರು ತೋರಿಸಿದ ನಳದ ಕಡೆಗೆ ನಡೆದರು. ಗುರುತು ಹಾಕಲು ಅವರಿಗೆ ಹಿಡಿದದ್ದು ಒಂದು ಸೆಕೆಂಡು. ಪೆನ್ನು ಮೊದಲ ಸಲ ಮೂಡದ್ದರಿಂದ ಎರಡು.

ಗಣಿತ ಉಳಿಯಿತು. ಒಂಬತ್ತು ಹುಡುಗಿಯರು ಉಳಿದರು. ದೇವತೆಗಳು ಹೂಮಳೆಗರೆದರೋ ಇಲ್ಲವೋ ತಿಳಿಯದು. ಮೇಲೆ ಸಿಮೆಂಟಿನ ಛಾವಣಿಯಿತ್ತು.

ಕೋಣೆಯಲ್ಲಿ ಉಳಿದವರು ಇಬ್ಬರು. ಸೋತ ಕೊತಬಾಳನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು, ತಲೆಯ ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದನು. ಹೊರಗೆ ಅವನ ಮೂರನೆಯ ತಂಡವನ್ನು ಬೇಯಿಸಲು ಸೈಕಲ್ ನಿಲ್ದಾಣದ ತಗಡು ಈಗಲೇ ಕಾಯುತ್ತಿರುವ ಸದ್ದು ಕೇಳುತ್ತಿತ್ತು. ನೀಲಗಂಗಾಳಿಗೆ ಗೆದ್ದವರಿಗೆ ಏನು ಹೇಳಬೇಕೆಂದು ಗೊತ್ತಿತ್ತು. ಸೋತವರಿಗೆ ಏನು ಹೇಳಬೇಕೆಂದು ಯಾವ ಕಾವ್ಯದಲ್ಲೂ ಓದಿರಲಿಲ್ಲ.

ಕೊನೆಗೆ ಅವನೇ ಕೇಳಿದನು. "ನಿಮ್ಮ ಕ್ಲಾಸು ಎಷ್ಟಕ್ಕ ಮುಗೀತಾವ್ರಿ ಮೇಡಂ?"

"ಹನ್ನೆರಡೂವರಿಗೆ ರೀ. ಹುಡುಗ್ಯಾರದು ಒಂದರ ಬಸ್ಸು."

"ಆಮ್ಯಾಲೆ?"

"ಆಮ್ಯಾಲೆ ಕೀಲಿ ಹಾಕ್ತೀವಿ."

ಫ್ಯಾನು ನಾಲ್ಕು ಸುತ್ತು ತಿರುಗಿತು.

"ಅಂದ್ರ," ಎಂದನು ಕೊತಬಾಳ, ಒಂದೊಂದೇ ಶಬ್ದವನ್ನು ತೂಗಿ ಇಡುತ್ತ, "ಹನ್ನೆರಡೂವರಿಯಿಂದ ಸಂಜೀಮಟ ಈ ಕೋಣಿ ಖಾಲಿ ಇರತೈತಿ. ದಿನಾ."

ನೀಲಗಂಗಾ ಯೋಚಿಸಿದಳು. ಏಳು ವರ್ಷಗಳಲ್ಲಿ ಆಕೆಗೂ ಅದು ಹೊಳೆದಿರಲಿಲ್ಲ. "ಹೌದ್ರಿ."

"ನಮ್ಮದು ಮೂರನೇ ತಂಡ ಕೂಡೂದು ಒಂದಕ್ಕ."

"ಹೌದೇನ್ರಿ?"

"ಮೊದಲ ಹೇಳಬಾರದೇನ್ರಿ ಮತ್ತ?"

"ನೀವು ಕೇಳಿದ್ರೇನ್ರಿ ಸರ?"

ಹೀಗೆ ಎರೆಹೊಸೂರಿನ ಮಹಾಸಮರವು ಮುಗಿದು, ಅದರ ಸಂಧಿಪತ್ರವು ಅಂದು ಮಧ್ಯಾಹ್ನವೇ ಮೌಲಾಸಾಬರ ಹೆಬ್ಬೊತ್ತಿಗೆಯ ಕೊನೆಯ ಪುಟದಲ್ಲಿ ಉಭಯಪಕ್ಷಗಳ ಸಹಿಯೊಂದಿಗೆ ದಾಖಲಾಯಿತು. ಅದರ ಪೂರ್ಣಪಾಠವಿದು: 'ಕೋಣೆ ೧೨ರ ಕೀಲಿಕೈ ಒಂದು. ಹನ್ನೆರಡೂವರೆಗೆ ಕೊತಬಾಳ ಸರ್ ಇವರಿಗೆ ಕೊಡುವುದು. ಹೋಗುವಾಗ ಫ್ಯಾನು ಬಂದ್ ಮಾಡುವುದು.'